ಮಾರ್ಖಾ ಕಣಿವೆಗೆ ಇಬ್ಬರೇ ಹೊರಟವರಿಗೆ

ಗಂಡ ಹೆಂಡತಿ ಇಬ್ಬರೇ ಬೆಂಗಳೂರಿನಿಂದ ಲಡಾಖಿನ ಮಾರ್ಖಾ ಕಣಿವೆಗೆ ಚಾರಣ ಹೊರಟರೆ ದಿನಚರಿ ಹೇಗಿರುತ್ತದೆ ಎಂದು ಕೇಳಿದ್ದೀರಿ. ನಾವೂ ಇಬ್ಬರೇ ಹೋಗಿದ್ದೆವು.

ಮೊದಲು ಲೇಹ್‌ನಲ್ಲಿ ಮೂರು ದಿನ ಸುಮ್ನೆ ಇರಿ. ನಮ್ಮೂರು ಸುಮಾರು 920 ಮೀಟರ್ ಎತ್ತರ, ಲೇಹ್ 3,500. ಮೈ ಒಗ್ಗಬೇಕು ಅಲ್ವಾ?

ಬೆಳಿಗ್ಗೆ ಬೇಗ ಹೊರಡಿ. ಮಧ್ಯಾಹ್ನದ ಹೊತ್ತಿಗೆ ಹಿಮ ಕರಗಿ ಹೊಳೆ ಏರುತ್ತದೆ, ದಾಟುವುದು ಕಷ್ಟ. ನಾವು ಕೈ ಕೈ ಹಿಡಿದೇ ದಾಟುತ್ತಿದ್ದೆವು. ಮರದ ನೆರಳು ಕಡಿಮೆ, ಬಾಯಿ ಒಣಗುತ್ತಲೇ ಇರುತ್ತದೆ. ಹೊಳೆ ನೀರನ್ನು ಕುದಿಸಿಯೇ ಕುಡಿಯಿರಿ. ರಾತ್ರಿ ಹಳ್ಳಿಯ ಹೋಂಸ್ಟೇಗಳಲ್ಲಿ ಊಟ, ಹಾಸಿಗೆ ಸಿಗುತ್ತವೆ. ಮಲಗುವ ಮುಂಚೆ ಒಬ್ಬರ ಪಾದ ಇನ್ನೊಬ್ಬರು ನೋಡಿ, ಗುಳ್ಳೆ ಎದ್ದಿದ್ದರೆ ಅವತ್ತೇ ಪಟ್ಟಿ ಹಾಕಿ.

ಈ ಚಾರಣದಲ್ಲಿ ಬೆಟ್ಟ ದಾಟುವ ಎತ್ತರದ ಪಾಸ್ ಕೊಂಗ್ಮಾರು ಲಾ, ಸುಮಾರು 5,200 ಮೀಟರ್. ಅಲ್ಲಿ ಒಬ್ಬರಿಗೆ ತಲೆನೋವು ಜಾಸ್ತಿಯಾದರೂ ಇಬ್ಬರೂ ಇಳಿಯಿರಿ.