ಕಾಮಣಿ ಸರಿ, ಯಾವ ಕಾಮಣಿ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಮುಧೋಳ ತಾಲೂಕಿನ ಹಳ್ಳಿ. ನನ್ನ ತಮ್ಮನಿಗೆ 22 ವರ್ಷ, ಕಬ್ಬು ಕಡಿಯುವ ಗ್ಯಾಂಗಿನಲ್ಲಿದ್ದಾನೆ. ನಾಲ್ಕು ದಿನ ಜ್ವರ ಬಂದು ಹೋಯಿತು. ಒಗ್ಗರಣೆ ವಾಸನೆ ಬಂದರೂ ವಾಂತಿ. ಈಗ ಕಣ್ಣು ಹಳದಿ. ಬಿಲಿರುಬಿನ್ 6.8, ಎಸ್‌ಜಿಪಿಟಿ 1240 ಬಂದಿದೆ. ಕಾಮಣಿಗೆ ಇಂಗ್ಲಿಷ್ ಔಷಧ ಇಲ್ಲ, ಬೇರಿನ ಔಷಧ ಕುಡಿಸೋಣ ಅಂತ ಮನೆಯಲ್ಲಿ ಹಿರಿಯರು ಪಟ್ಟು ಹಿಡಿದಿದ್ದಾರೆ. ಏನು ಮಾಡಲಿ?

ಉತ್ತರ: ಹಿರಿಯರ ಮಾತಲ್ಲಿ ಅರ್ಧ ನಿಜ ಇದೆ ತಂಗಿ. ಉಳಿದರ್ಧ ಅಪಾಯದ್ದು.

ನಮ್ಮ ಕೆಂಪು ರಕ್ತಕಣ ಸುಮಾರು 120 ದಿನ ಬದುಕಿ ಒಡೆಯುತ್ತದೆ, ಆಗ ಬರುವ ಹಳದಿ ಕಸವೇ ಬಿಲಿರುಬಿನ್. ಅದನ್ನು ಲಿವರ್ ಹದ ಮಾಡಿ ಪಿತ್ತನಾಳದಿಂದ ಕರುಳಿಗೆ ದಬ್ಬುತ್ತದೆ. ನಿಮ್ಮೂರಿನವರಿಗೆ ಸಕ್ಕರೆ ಫ್ಯಾಕ್ಟರಿ ಗೊತ್ತೇ ಇದೆ ಅಲ್ವಾ? ಗೇಟಿನ ಮುಂದೆ ಟ್ರ್ಯಾಕ್ಟರ್ ಸಾಲು ಬೆಳೆಯಿತು ಅಂದ್ರೆ ಒಂದೋ ಕಬ್ಬು ಜಾಸ್ತಿ ಬಂದಿದೆ, ಇಲ್ಲಾ ಮಿಲ್ ಕೆಟ್ಟಿದೆ, ಇಲ್ಲಾ ಕಬ್ಬಿನ ಹಾಲು ಹೋಗುವ ಪೈಪ್ ಕಟ್ಟಿಕೊಂಡಿದೆ. ಕಾಮಣಿಯೂ ಹಾಗೇ. ಮಲೇರಿಯಾದಂಥದ್ದರಲ್ಲಿ ರಕ್ತಕಣ ವಿಪರೀತ ಒಡೆಯುತ್ತವೆ. ವೈರಸ್, ಸಾರಾಯಿ, ಕೆಲವು ಮಾತ್ರೆಗಳಿಂದ ಲಿವರ್ ಕೆಡುತ್ತದೆ. ಕಲ್ಲು ಅಥವಾ ಗಂಟಿನಿಂದ ನಾಳ ಮುಚ್ಚುತ್ತದೆ. ಹೊರಗೆ ಕಾಣೋದು ಮಾತ್ರ ಅದೇ ಹಳದಿ ಕಣ್ಣು.

ನಿಮ್ಮ ತಮ್ಮನದು ಎರಡನೇ ಥರದ್ದು ಅನ್ನಿಸುತ್ತದೆ. ಎಸ್‌ಜಿಪಿಟಿ ಅಂದ್ರೆ ಲಿವರ್ ಕಣ ಕೆಟ್ಟಾಗ ರಕ್ತಕ್ಕೆ ಸೋರುವ ಕಿಣ್ವ, ಮಾಮೂಲಿಯಾಗಿ 40ರ ಆಸುಪಾಸಿನೊಳಗೆ ಇರಬೇಕು. ಅದು ಸಾವಿರ ದಾಟಿ, ಕಣ್ಣು ಹಳದಿ ಆಗುವ ಹೊತ್ತಿಗೆ ಜ್ವರ ಬಿಟ್ಟಿದ್ದರೆ ಲಿವರ್‌ಗೆ ಊತ ತರುವ ವೈರಸ್‌ಗಳಾದ ಹೆಪಟೈಟಿಸ್ ಎ ಅಥವಾ ಇ ಮೇಲೆ ಮೊದಲ ಅನುಮಾನ. ಎರಡೂ ಹೊಲಸು ನೀರಿನಿಂದ ಬರುವಂಥವು. ನಿನ್ನೆ ಕುಡಿದ ನೀರಿನಿಂದಲ್ಲ, ಎರಡು ವಾರದಿಂದ ಎರಡು ತಿಂಗಳ ಹಿಂದೆ ಎಲ್ಲೋ ಕುಡಿದದ್ದರಿಂದ. ಕಬ್ಬಿನ ಗದ್ದೆಯವರಲ್ಲಿ ಇಲಿ ಜ್ವರವನ್ನೂ ನೆನಪಿಡಬೇಕು. ಆದರೆ ಅದರಲ್ಲಿ ಸಾಮಾನ್ಯವಾಗಿ ಜ್ವರ ಬಿಡದೆ ಕಾಡುತ್ತದೆ, ಕಣ್ಣು ಕೆಂಪಾಗುತ್ತದೆ, ಮೀನಖಂಡ ಮುಟ್ಟಿದರೆ ಚೀರುತ್ತಾರೆ, ಎಸ್‌ಜಿಪಿಟಿ ಇಷ್ಟು ಏರುವುದು ಅಪರೂಪ. ಜ್ವರಕ್ಕೆ ಪ್ಯಾರಾಸಿಟಮಾಲ್ ಎಷ್ಟು ನುಂಗಿದ್ದಾನೆ, ಅದನ್ನೂ ಕೇಳಿ.

ಹೆಪಟೈಟಿಸ್ ಎ, ಇ ಹೊಸದಾಗಿ ತಗುಲಿದೆಯೇ ಅಂತ ತಿಳಿಸುವ ಐಜಿಎಂ ಪರೀಕ್ಷೆ, ಬಿ ಮತ್ತು ಸಿ ಪರೀಕ್ಷೆ, ಜೊತೆಗೆ ಪಿಟಿ-ಐಎನ್‌ಆರ್ ಮಾಡಿಸಿ. ಕೊನೆಯದನ್ನು ಸುಮ್ನೆ ಬಿಡಬೇಡಿ, ರಕ್ತ ಹೆಪ್ಪುಗಟ್ಟಿಸುವ ಸರಕನ್ನು ಲಿವರ್ ತಯಾರಿಸುತ್ತಿದೆಯೋ ಇಲ್ಲವೋ ತೋರಿಸುವುದು ಅದೇ. ಬಿಲಿರುಬಿನ್ ಇಳಿದರೂ ಐಎನ್‌ಆರ್ ಏರುತ್ತಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಹಗಲೆಲ್ಲ ಮಂಪರು, ತಪ್ಪು ತಪ್ಪು ಮಾತು, ವಸಡಿನಲ್ಲಿ ರಕ್ತ ಕಂಡರೆ ಅದೇ ತಾಸಿನಲ್ಲಿ ದೊಡ್ಡಾಸ್ಪತ್ರೆಗೆ ಹೊರಡಿ. ಮನೆಯಲ್ಲಿ ಬಸುರಿ ಇದ್ದರೆ ಅವರಿಗೆ ಕಾಯಿಸಿದ ನೀರೇ ಕೊಡಿ, ಹೆಪಟೈಟಿಸ್ ಇ ಬಸುರಿಯರ ಜೀವ ತೆಗೆಯಬಲ್ಲದು.

ಇನ್ನು ಬೇರಿನ ಔಷಧ. ಎ ಮತ್ತು ಇ ಬಹಳಷ್ಟು ಮಂದಿಗೆ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತವೆ. ಹೆಸರು ಮಾತ್ರ ಬೇರಿಗೆ ಹೋಗುತ್ತದೆ! ಕೆಲವು ಬೇರು ಸೊಪ್ಪಿನಿಂದಲೇ ಲಿವರ್ ಕೆಡಬಹುದು, ಮೊದಲೇ ನೊಂದ ಲಿವರ್‌ಗೆ ಅದು ಬೇಡ. ಬರೆ ಹಾಕಿಸುವುದಂತೂ ಖಂಡಿತ ಬೇಡ. ರೊಟ್ಟಿ, ಬೇಳೆ, ಮೊಸರು ಏನು ಸೇರುತ್ತದೋ ತಿನ್ನಲಿ, ಅಡುಗೆಯಲ್ಲಿ ಅರಿಶಿನ ಬಿಡುವ ಕಾರಣವೂ ಇಲ್ಲ. ಕಬ್ಬಿನ ಹಾಲು ಒಳ್ಳೇದು ಅಂತ ರಸ್ತೆಬದಿ ಗಾಣದಲ್ಲಿ ಐಸ್ ಹಾಕಿಸಿ ಕುಡಿಸಬೇಡಿ. ಆ ಐಸಿನ ನೀರು ಎಲ್ಲಿಯದೋ!

ಪ್ರಶ್ನೆ: ನಮ್ಮ ಅಪ್ಪನಿಗೆ 61. ಗೋಕಾಕದವರು. ಜ್ವರ ಇಲ್ಲ, ನೋವಿಲ್ಲ, ಆದರೆ ಒಂದು ತಿಂಗಳಿಂದ ಕಣ್ಣು ಹಳದಿ, ರಾತ್ರಿಯಿಡೀ ಮೈ ಕೆರೆತ. ಧೋತರಕ್ಕೆ ಮೂತ್ರದ ಹಳದಿ ಕಲೆ, ಮಲ ಮಾತ್ರ ಬೆಳ್ಳಗೆ. ತೂಕವೂ ಇಳಿದಿದೆ. ಇನ್ನೊಂದು ತಿಂಗಳು ಪಥ್ಯ ಮಾಡಿದರೆ ಸಾಕೇ?

ಉತ್ತರ: ಇಲ್ಲ. ಒಂದು ವಾರವೂ ಕಾಯಬೇಡಿ. ಧೋತರದ ಕಲೆ ಗಮನಿಸಿದ್ದು ಒಳ್ಳೇದಾಯಿತು. ಮಲಕ್ಕೆ ಬಣ್ಣ ಕೊಡುವುದೇ ಪಿತ್ತ, ಅದು ಕರುಳಿಗೆ ಬರುತ್ತಿಲ್ಲ, ಅಂದರೆ ಪೈಪ್ ಕಟ್ಟಿದೆ. ಕಲ್ಲಿರಬಹುದು. ನೋವಿಲ್ಲದೆ ತೂಕ ಇಳಿದಿರುವುದರಿಂದ ಮೇದೋಜೀರಕ ಗ್ರಂಥಿಯ ಗಂಟು ಇರಬಹುದೇ ಅಂತಲೂ ನೋಡಲೇಬೇಕು. ಪಿತ್ತನಾಳ ಕಟ್ಟಿದಾಗ ಏರುವ ಅಲ್ಕಲೈನ್ ಫಾಸ್ಫಟೇಸ್‌ನ ರಕ್ತಪರೀಕ್ಷೆಯ ಜೊತೆ ಮೊದಲು ಹೊಟ್ಟೆಯ ಅಲ್ಟ್ರಾಸೌಂಡ್, ಅದರಲ್ಲಿ ನಾಳ ಉಬ್ಬಿದ್ದರೆ ಸಿಟಿ ಸ್ಕ್ಯಾನ್ ಅಥವಾ ಎಂಆರ್‌ಸಿಪಿ (ಪಿತ್ತನಾಳದ ಎಂಆರ್‌ಐ). ಸ್ಕ್ಯಾನಿಂಗ್‌ಗೆ ಹೋಗುವಾಗ ಆರೇಳು ತಾಸು ಏನೂ ತಿಂದಿರಬಾರದು, ಬೆಳಗಿನ ಚಹಾ ಕೂಡ ಬೇಡ ಅಂತ ಅಪ್ಪನಿಗೆ ಮೊದಲೇ ಹೇಳಿಡಿ.