ಝೆರಾಕ್ಸ್ ಮಷೀನಿನ ಕಪ್ಪು ಚುಕ್ಕೆ: ಮೊದಲು ಸ್ಕೇಲ್, ಆಮೇಲೆ ಗೂಗಲ್

ಗದಗಿನ ಸರ್, ಪ್ರತಿ ಹಾಳೆಯಲ್ಲೂ ಕಪ್ಪು ಚುಕ್ಕೆ ಬೀಳ್ತಿದೆ, ರಿಪೇರಿಗೆ ಆನ್‌ಲೈನ್‌ನಲ್ಲಿ ಏನಂತ ಹುಡುಕಬೇಕು ಅಂತ ಕೇಳಿದ್ದೀರಿ.

ಮೊದಲು ಕಂಪ್ಯೂಟರ್‌ನಿಂದ ಒಂದು ಪ್ರಿಂಟ್ ಕೊಡಿ. ಪ್ರಿಂಟ್ ಚೊಕ್ಕ ಇದ್ದು ಕಾಪಿಯಲ್ಲಿ ಮಾತ್ರ ಚುಕ್ಕೆ ಇದ್ದರೆ, ಕೊಳೆ ಸ್ಕ್ಯಾನರ್ ಗಾಜಿನ ಮೇಲಿದೆ. ನಾನು ಹೊಸದರಲ್ಲಿ ಧಾರವಾಡದ ಒಂದು ಆಫೀಸಿನಲ್ಲಿ ಸುಮ್ನೆ ಡ್ರಮ್ (ಹಾಳೆಗೆ ಚಿತ್ರ ಮೂಡಿಸುವ ಉರುಳೆ) ಬದಲಿಸಿದ್ದೆ. ಕೊನೆಗೆ ನೋಡಿದರೆ ಗಾಜಿಗೆ ವೈಟ್ನರ್ ಅಂಟಿತ್ತು!

ಪ್ರಿಂಟ್‌ನಲ್ಲೂ ಇದ್ದರೆ ಚುಕ್ಕೆಯಿಂದ ಚುಕ್ಕೆಗೆ ಎಷ್ಟು ಅಂತರ ಅಂತ ಅಳೆಯಿರಿ. ರೋಲರ್ ಒಂದು ಸುತ್ತು ತಿರುಗಿದಾಗೊಮ್ಮೆ ಅದೇ ಕಲೆ ಬೀಳುತ್ತದೆ. 30 ಮಿ.ಮೀ. ವ್ಯಾಸದ ಡ್ರಮ್ ಆದರೆ ಸುಮಾರು 94 ಮಿ.ಮೀ.ಗೊಂದು. ಬೇರೆ ಅಂತರ ಬಂದರೆ ಫ್ಯೂಸರ್ (ಇಂಕಿನ ಪುಡಿಯನ್ನು ಬಿಸಿಮಾಡಿ ಹಾಳೆಗೆ ಅಂಟಿಸುವ ಭಾಗ), ಚಾರ್ಜ್ ರೋಲರ್ (ಡ್ರಮ್‌ಗೆ ವಿದ್ಯುತ್ ಚಾರ್ಜ್ ಕೊಡುವ ರೋಲರ್) ನೋಡಿ. ಫ್ಯೂಸರ್ ಬಿಸಿ ಇರುತ್ತದೆ, ಆರಲು ಬಿಡಿ.

ಈಗ ಹುಡುಕಿ. ಸ್ಟಿಕ್ಕರ್ ಮೇಲಿನ ಪೂರ್ತಿ ಮಾಡೆಲ್ ನಂಬರ್, ಜೊತೆಗೆ ‘ಸರ್ವಿಸ್ ಮ್ಯಾನ್ಯುಯಲ್’ ಅಂತ ಇಂಗ್ಲಿಷ್‌ನಲ್ಲಿ ಹಾಕಿ. ಎರರ್ ಕೋಡ್ ಇದ್ದರೆ ಅದನ್ನೂ ಸೇರಿಸಿ. ಉದಾಹರಣೆಗೆ ಕೆನಾನ್‌ನಲ್ಲಿ ಇ000 (E000), ರಿಕೋದಲ್ಲಿ ಎಸ್‌ಸಿ542 (SC542), ಎರಡೂ ಫ್ಯೂಸರ್ ಬಿಸಿಯಾಗದ ತಕರಾರು. ಬರೀ ‘ಕಾಪಿಯರ್ ರಿಪೇರಿ’ ಅಂತ ಹಾಕಿದರೆ ಜಾಹೀರಾತೇ ಜಾಸ್ತಿ ಬರುತ್ತದೆ. ವಿಡಿಯೋ ನೋಡಿ ಬಿಚ್ಚುವಾಗ ಪ್ರತಿ ಹೆಜ್ಜೆಗೂ ಫೋಟೋ ತೆಗೆದಿಟ್ಟುಕೊಳ್ಳಿ.

ಅಳತೆ ಎಷ್ಟು ಬಂತು, ಮಾಡೆಲ್ ಯಾವುದು ಅಂತ ಇಲ್ಲೇ ಬರೆಯಿರಿ, ನೋಡೋಣ.