ನಡೆದು ಕರಗಿಸಿದ್ದನ್ನು ಮತ್ತೆ ಉಣ್ಣಬಹುದೇ?

ಪ್ರಶ್ನೆ: ನನ್ನ ತೂಕ 70 ಕೆ.ಜಿ. ಇಳಿಸಬೇಕೆಂದು ತುಮಕೂರಿನ ಅಮಾನಿಕೆರೆಯಲ್ಲಿ ದಿನಾ ಒಂದು ಗಂಟೆ ನಡೆಯುತ್ತೇನೆ. ಸ್ಮಾರ್ಟ್‌ವಾಚ್ 400 ಕ್ಯಾಲರಿ ತೋರಿಸುತ್ತದೆ. ರಾತ್ರಿ ಇನ್ನೊಂದು ಮುದ್ದೆ ಉಣ್ಣಬಹುದೇ?

ಉತ್ತರ: ಬೇಡ. ಗಂಟೆಗೆ 5 ಕಿ.ಮೀ. ನಡೆದರೆ ನಿಮಗೆ ಖರ್ಚಾಗುವುದು ಸುಮಾರು 245. ಸುಮ್ಮನೆ ಕೂತಿದ್ದರೂ ಖರ್ಚಾಗುತ್ತಿದ್ದ 70 ಕಳೆದರೆ ಉಳಿಯುವುದು 175 ಅಷ್ಟೆ. 75 ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲೇ 240ರ ಹತ್ತಿರ ಇರುತ್ತದೆ, ಸಾರು ಬೇರೆ! ದಿನದ ಮಿತಿ ಗೊತ್ತುಮಾಡುವಾಗಲೇ ನಡಿಗೆಯನ್ನು ಸೇರಿಸಿದ್ದರಂತೂ ಒಂದೇ ಶ್ರಮವನ್ನು ಎರಡು ಸಲ ಎಣಿಸಿದಂತೆ. ದೇವರಾಯನದುರ್ಗ ಹತ್ತಿದ ದಿನ ವಾಚ್ ತೋರಿಸಿದ್ದರಲ್ಲಿ ಅರ್ಧದಷ್ಟು ತಿನ್ನಿ. ಹೆಸರುಕಾಳಿನ ಉಸಲಿ, ಮಜ್ಜಿಗೆ ಒಳ್ಳೆಯದು. ವಾರಕ್ಕೆ ಒಂದು ಕೆ.ಜಿ.ಗಿಂತ ಹೆಚ್ಚು ಇಳಿದು ಸುಸ್ತಾಗುತ್ತಿದ್ದರೆ ದಿನಕ್ಕೆ 150 ಕ್ಯಾಲರಿ ಹೆಚ್ಚಿಸಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಮೊದಲು ನಿಮ್ಮ ವೈದ್ಯರನ್ನು ಕೇಳಿ.